ಶಾಲಾ ಸೈಕಾಲಜಿಸ್ಟ್‌ಗೆ ಅಸಿಸ್ಟೆಂಟ್ ಆಗುವುದು ಹೇಗೆ: ವಿಶೇಷ ಶಿಕ್ಷಣದಲ್ಲಿ ಕೆಲಸಕ್ಕೆ ಸೇರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೆಲಸಕ್ಕೆ ಸೇರಿದ ಎರಡನೇ ವಾರ. ತರಗತಿಯ ಕೊನೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತು, ಒಬ್ಬ ಹುಡುಗನನ್ನು ನಲವತ್ತು ನಿಮಿಷ ನೋಡಿ, ಒಂದು ಪುಟ ತುಂಬ ಬರೆದೆ. "ಹುಡುಗ ಹಠ ಮಾಡಿದ. ಟೀಚರ್ ಮಾತಿಗೆ ಬೆಲೆ ಕೊಡಲಿಲ್ಲ. ಆಮೇಲೆ ಸಿಟ್ಟು ಬಂದು ಗಲಾಟೆ ಮಾಡಿದ." ಒಳ್ಳೆ ವರದಿ ಬರೆದೆ ಅಂತ ಖುಷಿಯಲ್ಲಿ ನಮ್ಮ ಸೈಕಾಲಜಿಸ್ಟ್ ಮೇಡಂಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಠ ಕಣ್ಣಿಗೆ ಕಾಣುತ್ತಾ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಹೊಸಬರು ಯಾರಾದರೂ ಬಂದರೆ ನಾನೂ ಇದೇ ಪ್ರಶ್ನೆ ಕೇಳುತ್ತೇನೆ. ಟೆಸ್ಟ್ ಕಿಟ್, ಫಾರ್ಮ್, ಮೀಟಿಂಗ್, ಫೋನ್ ಕರೆ ಎಲ್ಲಾ ಇರುತ್ತದೆ. ಆದರೆ ಕೆಲಸದ ಜೀವ ಇರುವುದು ಇಲ್ಲಿ: ಸೈಕಾಲಜಿಸ್ಟ್ ಇಲ್ಲದ ಹೊತ್ತಿನಲ್ಲಿ ನೀವು ಅವರ ಕಣ್ಣು. ಕಣ್ಣಿನ ಕೆಲಸ ನೋಡುವುದು, ತೀರ್ಪು ಕೊಡುವುದಲ್ಲ.

ಹೆಜ್ಜೆ 1: ನಿಮ್ಮ ಗಡಿ ಎಲ್ಲಿದೆ ಅಂತ ಮೊದಲ ದಿನವೇ ಬರೆಸಿಕೊಳ್ಳಿ

ಈ ಹುದ್ದೆಗೆ ಒಂದೊಂದು ಕಡೆ ಒಂದೊಂದು ಹೆಸರು. ಕೆಲವು ಕಡೆ ಸೈಕಾಲಜಿ ಡಿಗ್ರಿ ಕೇಳುತ್ತಾರೆ, ಕೆಲವು ಕಡೆ ವಿಶೇಷ ಮಕ್ಕಳ ತರಗತಿಯಲ್ಲಿ ಸಹಾಯಕರಾಗಿದ್ದ ಅನುಭವವೇ ಸಾಕು. ಹೆಸರು ಏನೇ ಇರಲಿ, ಮಾಡುವಂಥದ್ದು ಮತ್ತು ಮಾಡಬಾರದ್ದು ಹೆಚ್ಚು ಕಮ್ಮಿ ಒಂದೇ.

ನೀವು ಮಾಡುವುದು: ಫೈಲ್ ಹೊಂದಿಸುವುದು, ಮಗುವನ್ನು ಗಮನಿಸಿ ಬರೆಯುವುದು, ಫಾರ್ಮ್ ಕಳಿಸಿ ವಾಪಸ್ ತರಿಸುವುದು, ಟೆಸ್ಟ್‌ಗೆ ಕೋಣೆ ಸಿದ್ಧ ಮಾಡುವುದು, ಅಂಕ ಕೂಡಿ ಪರಿಶೀಲಿಸುವುದು, ಸೈಕಾಲಜಿಸ್ಟ್ ಬರೆದ ಯೋಜನೆಯನ್ನು ತರಗತಿಯಲ್ಲಿ ನಡೆಸಲು ನೆರವಾಗುವುದು. ಮಾಡಬಾರದ್ದು: ಮಗುವಿಗೆ ಏನಾಗಿದೆ ಅಂತ ಹೆಸರಿಡುವುದು, ಅಂಕದ ಅರ್ಥ ಹೇಳುವುದು, ಯಾವ ತರಗತಿಗೆ ಹಾಕಬೇಕು ಅಂತ ತೀರ್ಮಾನಿಸುವುದು.

ನಡುವೆ ಒಂದು ಮಸುಕಾದ ಜಾಗ ಇದೆ, ಅಲ್ಲೇ ಎಲ್ಲರೂ ಜಾರುವುದು. ಟೆಸ್ಟ್ ಅನ್ನು ನೀವೇ ಮಾಡಿಸಬಹುದಾ? ತರಬೇತಿ ಆಗಿದ್ದರೆ, ಮೇಲ್ವಿಚಾರಣೆ ಇದ್ದರೆ, ನಿಮ್ಮ ಕಡೆಯ ನಿಯಮ ಒಪ್ಪಿದರೆ ಕೆಲವನ್ನು ಮಾಡಿಸಬಹುದು. ಇಲ್ಲದಿದ್ದರೆ ಇಲ್ಲ. ಬುದ್ಧಿಮತ್ತೆಯ ಟೆಸ್ಟ್‌ಗಳನ್ನು ಪ್ರಕಾಶಕರು ಕೇಳಿದವರಿಗೆಲ್ಲ ಮಾರುವುದೂ ಇಲ್ಲ, ಕೊಳ್ಳುವವರ ಅರ್ಹತೆ ನೋಡಿಯೇ ಕೊಡುತ್ತಾರೆ. ಹಾಗಾಗಿ "ಇವತ್ತು ನನಗೆ ಟೈಮ್ ಇಲ್ಲ, ಸುಮ್ನೆ ನೀವೇ ಮಾಡಿಸಿಬಿಡಿ" ಅಂತ ಯಾರಾದರೂ ಅಂದರೆ, ಅದು ಯಾವ ಟೆಸ್ಟ್, ನನಗೆ ಅನುಮತಿ ಇದೆಯಾ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನನಗೆ ಕೆಲಸ ಕಲಿಸಿದವರು ಯಾರೂ ಈ ಪ್ರಶ್ನೆಗೆ ಬೇಜಾರು ಮಾಡಿಕೊಂಡಿದ್ದಿಲ್ಲ.

ಹೆಜ್ಜೆ 2: ಫೈಲ್ ಓದಿ, ಆದರೆ ಅರ್ಧ ಮಾತ್ರ

ಮಗುವನ್ನು ನೋಡುವ ಮೊದಲು ಫೈಲ್ ತೆಗೆಯಿರಿ. ಮೊದಲು ಹುಡುಕುವುದು ಒಪ್ಪಿಗೆ ಪತ್ರ. ಪೋಷಕರ ಸಹಿ ಇಲ್ಲ ಅಂದರೆ ಕೆಲಸ ಶುರುವಾಗುವುದಿಲ್ಲ, ಅಷ್ಟೇ. ಆಮೇಲೆ ಕಣ್ಣು ಮತ್ತು ಕಿವಿ ಪರೀಕ್ಷೆಯ ವರದಿ, ಅದು ಯಾವಾಗ ಆದದ್ದು ಅನ್ನುವುದು, ಮನೆಯಲ್ಲಿ ಆಡುವ ಭಾಷೆ, ತೆಗೆದುಕೊಳ್ಳುವ ಔಷಧಿ, ಎಷ್ಟು ಶಾಲೆ ಬದಲಾಗಿದೆ, ಹಾಜರಿ ಎಷ್ಟು.

ಕಣ್ಣು ಕಿವಿಯ ವಿಷಯಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಈ ವೃತ್ತಿಯ ಮೊದಲ ಪಾಠವೇ ಅದು. 1896ರಲ್ಲಿ ಲೈಟ್ನರ್ ವಿಟ್ಮರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಮನೋವೈಜ್ಞಾನಿಕ ಕ್ಲಿನಿಕ್ ತೆರೆದರು. ಅಲ್ಲಿಗೆ ಬಂದ ಮೊದಲ ಮಗು, ಕಾಗುಣಿತ ಬರದೆ ಒದ್ದಾಡುತ್ತಿದ್ದ ಒಬ್ಬ ಹುಡುಗ. ಕರೆತಂದದ್ದು ಅವನ ಟೀಚರ್. ನೋಡಿದರೆ ಅವನಿಗೆ ದೃಷ್ಟಿಯ ತೊಂದರೆಯೂ ಇತ್ತು. ನೂರಿಪ್ಪತ್ತು ವರ್ಷಕ್ಕೂ ಮೇಲಾಯಿತು. ಈಗಲೂ "ಬೋರ್ಡ್ ನೋಡಿ ಬರೆಯಲ್ಲ, ಗಮನ ಇಲ್ಲ" ಅಂತ ಬರುವ ಮಕ್ಕಳಲ್ಲಿ ಕೆಲವರಿಗೆ ಬೇಕಾಗಿರುವುದು ಕನ್ನಡಕ. ಎರಡು ವರ್ಷ ಹಳೆಯ ಕಣ್ಣಿನ ವರದಿ ಇದ್ದರೆ ಅದನ್ನು ಸೈಕಾಲಜಿಸ್ಟ್ ಗಮನಕ್ಕೆ ತನ್ನಿ.

ಹಿಂದೆ ಯಾವ ಟೆಸ್ಟ್ ಯಾವ ದಿನ ಆಗಿದೆ ಅನ್ನುವುದನ್ನೂ ಬರೆದಿಡಿ. ಅದೇ ಟೆಸ್ಟ್ ಅನ್ನು ಬೇಗ ಮತ್ತೆ ಮಾಡಿಸಿದರೆ ಮಗುವಿಗೆ ಅಭ್ಯಾಸವಾಗಿ ಅಂಕ ಏರುತ್ತದೆ, ಮಗು ಸುಧಾರಿಸಿದೆ ಅಂತ ತಪ್ಪು ತಿಳಿಯುತ್ತೇವೆ. ಬೇರೆ ಕಡೆ ಮೂರು ತಿಂಗಳ ಹಿಂದೆ ಟೆಸ್ಟ್ ಆಗಿತ್ತು ಅನ್ನುವುದು ಕೊನೆಗೆ ಗೊತ್ತಾದರೆ ಇಡೀ ಬೆಳಗ್ಗೆ ವ್ಯರ್ಥ.

ಅರ್ಧ ಮಾತ್ರ ಓದಿ ಅಂದೆನಲ್ಲ, ಬಿಡಬೇಕಾದ ಅರ್ಧ ಯಾವುದು ಅಂದರೆ ಟೀಚರ್‌ಗಳ ಅಭಿಪ್ರಾಯದ ಪುಟಗಳು. "ತುಂಬಾ ಸೋಮಾರಿ", "ಬೇಕು ಅಂತಲೇ ಮಾಡುತ್ತಾನೆ" ಅಂತೆಲ್ಲ ಓದಿಕೊಂಡು ಹೋದರೆ ನಿಮಗೂ ಸೋಮಾರಿಯೇ ಕಾಣುತ್ತಾನೆ. ಇದು ನನ್ನ ಪದ್ಧತಿ, ಎಲ್ಲರೂ ಒಪ್ಪುವುದಿಲ್ಲ. ಆದರೆ ಸುರಕ್ಷತೆಗೆ ಸಂಬಂಧಿಸಿದ್ದು, ಅಂದರೆ ಫಿಟ್ಸ್, ಅಲರ್ಜಿ, ತರಗತಿಯಿಂದ ಓಡಿಹೋಗುವ ಅಭ್ಯಾಸ, ತನಗೆ ತಾನೇ ಹೊಡೆದುಕೊಳ್ಳುವುದು, ಇವನ್ನು ಓದದೆ ಹೋಗಲೇಬೇಡಿ.

ಹೆಜ್ಜೆ 3: ನೋಡಿ, ನೋಡಿದ್ದನ್ನಷ್ಟೇ ಬರೆಯಿರಿ

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಿಮ್ಮ ಬೆಲೆ ಗೊತ್ತಾಗುವುದು ಇಲ್ಲೇ.

ಹಾಳೆಯನ್ನು ಮೂರು ಕಾಲಂ ಮಾಡಿ. ಮೊದಲನೆಯದು ಅದಕ್ಕೂ ಮುಂಚೆ ಏನಾಯಿತು, ಎರಡನೆಯದು ಮಗು ಏನು ಮಾಡಿತು, ಮೂರನೆಯದು ಆದಮೇಲೆ ಸುತ್ತಲಿನವರು ಏನು ಮಾಡಿದರು. ಎಬಿಸಿ ದಾಖಲೆ ಅಂತ ಇದನ್ನೇ ಕರೆಯುವುದು. ಎಡಗಡೆ ಸಮಯ ಬರೆಯುವುದನ್ನು ಮರೆಯಬೇಡಿ.

ನನ್ನ ಆ ಮೊದಲ ಪುಟವನ್ನು ಮರುದಿನ ಮತ್ತೆ ಅದೇ ಪಾಠದ ಹೊತ್ತಿನಲ್ಲಿ ಕೂತು ಹೀಗೆ ಬರೆದೆ:

10:12. ಟೀಚರ್ ಮುಂದಿನ ಸಾಲಿನಿಂದ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿ ಅಂದರು. ಹುಡುಗ ಮೂರನೇ ಸಾಲು. ಪುಸ್ತಕ ತೆರೆದ.
10:16. ಅವನಿಗಿಂತ ಇಬ್ಬರು ಮುಂದಿನ ಹುಡುಗಿ ಓದಲು ಎದ್ದಳು. ಹುಡುಗ ಪೆನ್ಸಿಲ್ ಕೆಳಗೆ ಬೀಳಿಸಿದ, ಬಗ್ಗಿದ, ಬೆಂಚಿನ ಕೆಳಗೇ ಉಳಿದ.
10:17. ಟೀಚರ್ ಎರಡು ಸಲ ಹೆಸರು ಕರೆದರು. ಪಕ್ಕದವನ ಪುಸ್ತಕ ತಳ್ಳಿದ. ಮೂವರು ನಕ್ಕರು.
10:18. ಟೀಚರ್ ಹೊರಗೆ ಕಳಿಸಿದರು. ಬಾಗಿಲಾಚೆ ಗೋಡೆಗೆ ಒರಗಿ ಸುಮ್ಮನೆ ನಿಂತ. ಅವನ ಸರದಿ ದಾಟಿ ಹೋಯಿತು.

ಮೂರು ದಿನ ಹೀಗೇ ಬರೆದೆ. ಮೂರೂ ದಿನ ಗಲಾಟೆ ಶುರುವಾದದ್ದು ಅವನ ಸರದಿಗೆ ಇಬ್ಬರು ಬಾಕಿ ಇದ್ದಾಗ. ಲೆಕ್ಕದ ಪಾಠದಲ್ಲಿ ಒಂದು ಸಲವೂ ಇಲ್ಲ. ಹಠ ಅನ್ನುವ ಪದ ಅಲ್ಲಿ ಇರಲೇ ಇಲ್ಲ, ಅದರ ಬದಲು ಗಟ್ಟಿಯಾಗಿ ಓದುವುದರಿಂದ ತಪ್ಪಿಸಿಕೊಳ್ಳುವ ಒಬ್ಬ ಹುಡುಗ ಇದ್ದ. ಅವನನ್ನು ಹೊರಗೆ ಕಳಿಸುವ ಶಿಕ್ಷೆಯೇ ಅವನಿಗೆ ಬೇಕಾದ ಉಡುಗೊರೆ ಆಗಿತ್ತು. ಮುಂದೆ ಓದುವ ಕೌಶಲದ ಟೆಸ್ಟ್ ಮಾಡಬೇಕು ಅನ್ನುವ ತೀರ್ಮಾನ ಸೈಕಾಲಜಿಸ್ಟ್ ಅವರದು. ಆದರೆ ಅದಕ್ಕೆ ದಾರಿ ತೋರಿಸಿದ್ದು ಗಡಿಯಾರದ ನಾಲ್ಕು ಸಾಲು.

ಎಬಿಸಿ ಒಂದೇ ಸಾಕಾಗುವುದಿಲ್ಲ, ಕೆಲವಕ್ಕೆ ಎಣಿಕೆ ಬೇಕು. ಯಾವುದನ್ನು ಎಣಿಸಬೇಕು ಅನ್ನುವುದು ವರ್ತನೆಯ ಮೇಲೆ ನಿಂತಿದೆ. ಶುರು ಮತ್ತು ಕೊನೆ ಸ್ಪಷ್ಟವಾಗಿರುವುದಕ್ಕೆ, ಉದಾಹರಣೆಗೆ ಅನುಮತಿ ಇಲ್ಲದೆ ಏಳುವುದಕ್ಕೆ, ಎಷ್ಟು ಸಲ ಅಂತ ಗೀಟು ಹಾಕಿ. 40 ನಿಮಿಷದಲ್ಲಿ 12 ಸಲ ಅಂದರೆ ಗಂಟೆಗೆ 18. ಬರೀ "12 ಸಲ" ಅಂತ ಬರೆದು ಎಷ್ಟು ಹೊತ್ತಿನಲ್ಲಿ ಅಂತ ಬಿಟ್ಟರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಅಳು, ಮೇಜಿನ ಮೇಲೆ ತಲೆ ಇಟ್ಟು ಮಲಗುವುದು, ಇಂಥದ್ದಕ್ಕೆ ಎಷ್ಟು ಹೊತ್ತು ಅನ್ನುವುದು ಮುಖ್ಯ. ಹೇಳಿದ ಕೆಲಸ ಶುರು ಮಾಡಲು ತಡ ಮಾಡುವ ಮಗುವಿಗೆ, ಹೇಳಿದ ಕ್ಷಣದಿಂದ ಶುರು ಮಾಡುವವರೆಗಿನ ಸಮಯ ಅಳೆಯಿರಿ.

ಇನ್ನು ಗಮನ ಕೊಡುವುದು ಅನ್ನುವಂಥ ನಿರಂತರ ವಿಷಯಕ್ಕೆ ಇಂಟರ್ವಲ್ ಪದ್ಧತಿ. 20 ನಿಮಿಷವನ್ನು 15 ಸೆಕೆಂಡಿನ ತುಂಡು ಮಾಡಿದರೆ 80 ಮನೆ ಆಗುತ್ತದೆ. ಪ್ರತಿ ತುಂಡಿನ ಕೊನೆಯ ಕ್ಷಣ ತಲೆ ಎತ್ತಿ ನೋಡಿ, ಮಗು ಕೆಲಸದಲ್ಲಿ ಇದ್ದರೆ ಸರಿ ಗುರುತು, ಇಲ್ಲದಿದ್ದರೆ ಸೊನ್ನೆ. ಇಲ್ಲಿ ಒಂದು ಬಲೆ ಇದೆ. ತುಂಡಿನೊಳಗೆ ಯಾವಾಗಲಾದರೂ ಒಮ್ಮೆ ಮಾಡಿದರೆ ಗುರುತು ಹಾಕುವ ಪದ್ಧತಿಯಲ್ಲಿ ವರ್ತನೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಇಡೀ ತುಂಡು ಮಾಡಿದರಷ್ಟೇ ಗುರುತು ಅನ್ನುವ ಪದ್ಧತಿಯಲ್ಲಿ ಕಮ್ಮಿ ಕಾಣುತ್ತದೆ. ಯಾವ ಪದ್ಧತಿ ಬಳಸಿದಿರಿ ಅಂತ ಹಾಳೆಯ ಮೇಲೇ ಬರೆದಿರಬೇಕು.

ಮಗು 80ರಲ್ಲಿ 44 ಸಲ ಕೆಲಸದಲ್ಲಿ ಇತ್ತು, ಅಂದರೆ 55 ಶೇಕಡಾ. ಕಮ್ಮಿ ಅನ್ನಿಸುತ್ತದೆ ಅಲ್ವಾ? ತಡೆಯಿರಿ. ಅದೇ ಪಾಠದಲ್ಲಿ, ಅದೇ ಹೊತ್ತಿನಲ್ಲಿ, ಇನ್ನೊಂದು ಮಗುವನ್ನೂ ಗಮನಿಸಬೇಕು. ಆ ಮಗು 68 ಸಲ, ಅಂದರೆ 85 ಶೇಕಡಾ ಇದ್ದರೆ ವ್ಯತ್ಯಾಸ ನಿಜ. ಆ ಮಗುವೂ 60 ಶೇಕಡಾ ಹತ್ತಿರ ಇದ್ದರೆ, ತೊಂದರೆ ಇರುವುದು ಪಾಠದಲ್ಲೋ, ಕೋಣೆಯ ಸದ್ದಿನಲ್ಲೋ ಇರಬಹುದು. ಹೋಲಿಕೆಗೆ ತರಗತಿಯ ಜಾಣ ಮಗುವನ್ನು ಆರಿಸಬೇಡಿ. ಟೀಚರ್‌ಗೆ "ನಡುಮಟ್ಟದ ಒಬ್ಬರನ್ನು ತೋರಿಸಿ" ಅನ್ನಿ. ಆ ಮಗುವಿನ ಹೆಸರು ಎಲ್ಲೂ ಬರೆಯಬೇಡಿ.

ಆಗಾಗ ಸೈಕಾಲಜಿಸ್ಟ್ ಅಥವಾ ಇನ್ನೊಬ್ಬರು ನಿಮ್ಮ ಜೊತೆ ಕೂತು ಬೇರೆಯಾಗಿ ಗುರುತು ಹಾಕುತ್ತಾರೆ. 80ರಲ್ಲಿ 72 ಮನೆ ಇಬ್ಬರದ್ದೂ ಒಂದೇ ಇದ್ದರೆ ಹೊಂದಿಕೆ 90 ಶೇಕಡಾ. ಸಾಮಾನ್ಯವಾಗಿ ಇದು 80 ಶೇಕಡಾಕ್ಕಿಂತ ಕೆಳಗೆ ಬಂದರೆ ಆ ದಾಖಲೆಯನ್ನು ನಂಬುವುದಿಲ್ಲ. ಆಗ ಇಬ್ಬರಲ್ಲಿ ಯಾರದ್ದು ತಪ್ಪು ಅಂತ ಜಗಳ ಬೇಡ. ಬಹಳ ಸಲ ತಪ್ಪು ಇರುವುದು ವ್ಯಾಖ್ಯೆಯಲ್ಲಿ. "ಗಮನ ಕೊಡುವುದು" ಅಂದರೆ ಏನು? ಕಿಟಕಿ ಕಡೆ ನೋಡುತ್ತಾ ಸರಿಯಾದ ಉತ್ತರ ಹೇಳಿದರೆ ಅದು ಗಮನವಾ ಅಲ್ಲವಾ? ಇದನ್ನು ಮುಂಚೆಯೇ ಬರೆದುಕೊಳ್ಳಿ.

ಕೂರುವ ಜಾಗದ ಬಗ್ಗೆ ಒಂದು ಮಾತು. ಯಾರೋ ಬಂದು ನೋಡುತ್ತಿದ್ದಾರೆ ಅಂದರೆ ಮಕ್ಕಳು ಬದಲಾಗುತ್ತಾರೆ, ಟೀಚರ್ ಕೂಡ. ಮೊದಲ ಭೇಟಿಯಲ್ಲಿ ಏನೂ ಅಳೆಯದೆ ಸುಮ್ಮನೆ ಕೂತು ಎದ್ದು ಬನ್ನಿ. ಮಕ್ಕಳು "ನೀವು ಯಾರು?" ಅಂತ ಕೇಳೇ ಕೇಳುತ್ತಾರೆ. "ತರಗತಿ ಹೇಗೆ ನಡೆಯುತ್ತೆ ಅಂತ ನೋಡೋಕೆ ಬಂದಿದ್ದೀನಿ" ಅಂದರೆ ಸಾಕು.

ಹೆಜ್ಜೆ 4: ಟೆಸ್ಟ್ ದಿನ

ಹಿಂದಿನ ಸಂಜೆಯೇ ಕಿಟ್ ತೆರೆದು ಎಣಿಸಿ. ಬ್ಲಾಕ್‌ಗಳು, ಚಿತ್ರದ ಪುಸ್ತಕ, ಉತ್ತರ ಪತ್ರಿಕೆ, ರಬ್ಬರ್ ಇಲ್ಲದ ಪೆನ್ಸಿಲ್ ಎರಡು, ಸದ್ದು ಮಾಡದ ಸ್ಟಾಪ್‌ವಾಚ್. ಮಗುವಿನ ಕಾಲು ನೆಲಕ್ಕೆ ತಾಗುವ ಕುರ್ಚಿ ಇದೆಯಾ ನೋಡಿ. ಕಾಲು ತೂಗುತ್ತಿದ್ದರೆ ಆರು ವರ್ಷದ ಮಗು ಇಪ್ಪತ್ತು ನಿಮಿಷಕ್ಕೇ ಸುಸ್ತಾಗುತ್ತದೆ, ಇದನ್ನು ಯಾವ ಕೈಪಿಡಿಯಲ್ಲೂ ಓದಿದ ನೆನಪಿಲ್ಲ, ನೋಡಿ ಕಲಿತದ್ದು. ಗೋಡೆಯ ಮೇಲಿನ ಅಕ್ಷರಮಾಲೆ, ಮಗ್ಗಿಯ ಚಾರ್ಟ್ ಎಲ್ಲಾ ಮುಚ್ಚಿ.

ಮಗುವನ್ನು ತರಗತಿಯಿಂದ ಕರೆತರುವುದು ನಿಮ್ಮ ಕೆಲಸ ಆಗಿರುತ್ತದೆ, ಮತ್ತು ಆ ಎರಡು ನಿಮಿಷದ ನಡಿಗೆಯಲ್ಲಿ ಅರ್ಧ ಟೆಸ್ಟ್ ಗೆದ್ದಂತೆ. ಆಟದ ಪೀರಿಯಡ್‌ನಿಂದ ಎಳೆದು ತರಬೇಡಿ. ಬಾಗಿಲಲ್ಲಿ ನಿಂತು ಹೆಸರು ಕೂಗಬೇಡಿ. ಹತ್ತಿರ ಹೋಗಿ, ಬಗ್ಗಿ, ಮೆಲ್ಲಗೆ ಹೇಳಿ. "ಆಟ ಆಡೋಣ ಬಾ" ಅಂತ ಸುಳ್ಳು ಹೇಳಬೇಡಿ. "ಕೆಲವು ಪ್ರಶ್ನೆ ಸುಲಭ, ಕೆಲವು ಕಷ್ಟ, ಎಲ್ಲಾ ಬರಬೇಕು ಅಂತೇನಿಲ್ಲ" ಅನ್ನುವುದು ನಿಜ, ಮತ್ತು ಅದೇ ಮಗುವಿಗೆ ಸಮಾಧಾನ.

ನೀವು ಕೋಣೆಯಲ್ಲಿ ಇದ್ದರೆ ಮುಖದ ಮೇಲೆ ನಿಗಾ ಇರಲಿ. ಉತ್ತರ ಸರಿ ಇದ್ದಾಗ ನಕ್ಕು, ತಪ್ಪಿದ್ದಾಗ ಹುಬ್ಬು ಏರಿಸಿದರೆ ಮಗು ನಿಮ್ಮ ಮುಖ ಓದಿ ಉತ್ತರ ಬದಲಿಸುತ್ತದೆ. "ಸರಿ", "ಕರೆಕ್ಟ್" ಅನ್ನುವಂತಿಲ್ಲ. "ಚೆನ್ನಾಗಿ ಯೋಚನೆ ಮಾಡ್ತಿದ್ದೀಯ" ಅನ್ನಬಹುದು. ಸೂಚನೆಗಳನ್ನು ಕೈಪಿಡಿಯಲ್ಲಿ ಇದ್ದ ಹಾಗೆಯೇ, ಒಂದಕ್ಷರ ಬದಲಿಸದೆ ಓದಬೇಕು. ಪಾಪ ಅಂತ ಬಿಡಿಸಿ ಹೇಳಿದರೆ ಆ ಅಂಕ ಬೇರೆ ಮಕ್ಕಳ ಅಂಕದ ಜೊತೆ ಹೋಲಿಸಲು ಬರುವುದಿಲ್ಲ.

ಈಗ ವಯಸ್ಸಿನ ಲೆಕ್ಕ. ಸಣ್ಣದು ಅನ್ನಿಸುತ್ತದೆ, ಆದರೆ ಎಲ್ಲವೂ ಇದರ ಮೇಲೆ ನಿಂತಿದೆ. ಮಕ್ಕಳ ಬುದ್ಧಿಮತ್ತೆ ಅಳೆಯುವ ವಿಸ್ಕ್ ಟೆಸ್ಟ್‌ನ ಐದನೇ ಆವೃತ್ತಿ 6 ವರ್ಷದಿಂದ 16 ವರ್ಷ 11 ತಿಂಗಳ ಮಕ್ಕಳಿಗೆ, ಮತ್ತು ಅಂಕ ನೋಡುವ ಪಟ್ಟಿ ಕೆಲವೇ ತಿಂಗಳಿಗೊಮ್ಮೆ ಬದಲಾಗುತ್ತದೆ. ಟೆಸ್ಟ್ ದಿನ 2024ರ ಮಾರ್ಚ್ 5, ಹುಟ್ಟಿದ್ದು 2015ರ ಜುಲೈ 20 ಅಂದುಕೊಳ್ಳಿ. 5ರಿಂದ 20 ಕಳೆಯಲು ಬರಲ್ಲ, ಒಂದು ತಿಂಗಳು ಸಾಲ ತರಬೇಕು. ಸಾಮಾನ್ಯವಾಗಿ ಯಾವ ತಿಂಗಳಾದರೂ 30 ದಿನ ಅಂತಲೇ ಹಿಡಿಯುತ್ತಾರೆ. 35ರಲ್ಲಿ 20 ಹೋದರೆ 15 ದಿನ. ಮಾರ್ಚ್ 3 ಈಗ 2 ಆಯಿತು, ಅದಕ್ಕೆ ವರ್ಷದಿಂದ 12 ಸಾಲ ತಂದರೆ 14, ಅದರಲ್ಲಿ 7 ಹೋದರೆ 7 ತಿಂಗಳು. 2023ರಲ್ಲಿ 2015 ಹೋದರೆ 8 ವರ್ಷ. ಒಟ್ಟು 8 ವರ್ಷ 7 ತಿಂಗಳು 15 ದಿನ.

ನಾನು ಒಂದು ಸಲ ವರ್ಷದಿಂದ ಸಾಲ ತಂದದ್ದನ್ನು ಕಳೆಯಲು ಮರೆತು ಮಗುವಿಗೆ ಒಂದು ವರ್ಷ ಜಾಸ್ತಿ ಸೇರಿಸಿಬಿಟ್ಟಿದ್ದೆ. ದೊಡ್ಡ ಮಕ್ಕಳ ಪಟ್ಟಿಯಲ್ಲಿ ನೋಡಿದ್ದರಿಂದ ಅಂಕ ಇಳಿದು, ಇಲ್ಲದ ತೊಂದರೆ ಇರುವ ಹಾಗೆ ಕಂಡಿತು. ಮೇಡಂ ಕಣ್ಣಿಗೆ ಬಿತ್ತು, ಬಚಾವಾದೆ. ಈಗ ಸಾಫ್ಟ್‌ವೇರ್ ಲೆಕ್ಕ ಮಾಡುತ್ತದೆ, ನಿಜ. ಆದರೆ ಹುಟ್ಟಿದ ದಿನ ಟೈಪ್ ಮಾಡುವುದು ನೀವೇ. ಶಾಲೆಯ ದಾಖಲೆ, ಜನನ ಪತ್ರ ಎರಡೂ ಒಂದೇ ಇದೆಯಾ ನೋಡಿಕೊಳ್ಳಿ.

ಹೆಜ್ಜೆ 5: ಫಾರ್ಮ್‌ಗಳ ಬೆನ್ನು ಹತ್ತುವುದು, ಅಂಕ ಕೂಡುವುದು

ಟೀಚರ್‌ಗೆ ಒಂದು, ಪೋಷಕರಿಗೆ ಒಂದು ಅಂತ ಮಗುವಿನ ವರ್ತನೆ ಬಗ್ಗೆ ಪ್ರಶ್ನೆಗಳಿರುವ ರೇಟಿಂಗ್ ಫಾರ್ಮ್ ಹೋಗುತ್ತದೆ. ವಾಪಸ್ ಬರುವುದಿಲ್ಲ. ಇದು ಲೋಕರೂಢಿ. ಕೊಡುವಾಗಲೇ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳಿ ಕೊಡಿ, ಯಾವ ದಿನ ಬಂದು ತೆಗೆದುಕೊಳ್ಳುತ್ತೇನೆ ಅಂತಲೂ ಹೇಳಿ. ಬಂದ ಕೂಡಲೇ ಅಲ್ಲೇ ನಿಂತು ಪುಟ ತಿರುವಿ, ಖಾಲಿ ಬಿಟ್ಟ ಪ್ರಶ್ನೆ ಇದೆಯಾ ನೋಡಿ. ಜಾಸ್ತಿ ಖಾಲಿ ಬಿಟ್ಟ ಫಾರ್ಮ್‌ಗೆ ಅಂಕ ಹಾಕಲು ಬರುವುದಿಲ್ಲ. ಖಾಲಿಯನ್ನು ನೀವು ತುಂಬಬೇಡಿ, "ಇದಕ್ಕೆ ಇದೇ ಇರಬೇಕು" ಅಂತ ಗೊತ್ತಿದ್ದರೂ. ಪೋಷಕರಿಗೆ ಓದಲು ಕಷ್ಟವಾದರೆ ಓದಿ ಹೇಳಬಹುದಾ ಅಂತ ಸೈಕಾಲಜಿಸ್ಟ್ ಅವರನ್ನು ಕೇಳಿ. ಟೆಸ್ಟ್ ಪತ್ರಿಕೆಗಳ ಜೆರಾಕ್ಸ್ ಮಾಡುವುದು, ಫೋಟೋ ತೆಗೆಯುವುದು ತಪ್ಪು, ಹಕ್ಕುಸ್ವಾಮ್ಯದ ದೃಷ್ಟಿಯಿಂದಲೂ, ಪ್ರಶ್ನೆ ಹೊರಗೆ ಹೋದರೆ ಟೆಸ್ಟ್ ಕೆಡುತ್ತದೆ ಅನ್ನುವುದರಿಂದಲೂ.

ಟೀಚರ್ ಫಾರ್ಮ್ ಒಂದು ಹೇಳುತ್ತದೆ, ಅಮ್ಮನ ಫಾರ್ಮ್ ಇನ್ನೊಂದು. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಮೂವತ್ತು ಮಕ್ಕಳ ನಡುವೆ ಇರುವ ಮಗು ಮತ್ತು ಮನೆಯಲ್ಲಿ ಇರುವ ಮಗು ಬೇರೆಯೇ.

ಅಂಕದ ಬಗ್ಗೆ ಇಷ್ಟು ತಿಳಿದಿರಲಿ. ವಿಸ್ಕ್‌ನಂಥ ಟೆಸ್ಟ್‌ಗಳಲ್ಲಿ ಒಟ್ಟು ಅಂಕದ ಸರಾಸರಿ 100, ಪ್ರಮಾಣಿತ ವಿಚಲನೆ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಆಚೀಚೆ ಹರಡಿವೆ ಅನ್ನುವ ಅಳತೆ, 15. ಸುಮಾರು ಮೂರನೇ ಎರಡರಷ್ಟು ಮಕ್ಕಳು 85ರಿಂದ 115ರ ನಡುವೆ ಬರುತ್ತಾರೆ. 85 ಅಂದರೆ ಪರ್ಸೆಂಟೈಲ್ 16, ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 16 ಮಂದಿ ಅಷ್ಟೋ ಅದಕ್ಕಿಂತ ಕಮ್ಮಿಯೋ ತೆಗೆದಿದ್ದಾರೆ. ನೂರಕ್ಕೆ ಹದಿನಾರು ಮಾರ್ಕ್ಸ್ ಅಂತ ಅಲ್ಲ! ಈ ಗೊಂದಲ ಎಷ್ಟು ಜನರಿಗೆ ಇದೆ ಅಂದರೆ, ಪೋಷಕರಿಗೆ ಅಂಕ ಹೇಳುವ ಕೆಲಸ ಸೈಕಾಲಜಿಸ್ಟ್ ಕೈಯಲ್ಲೇ ಇರಬೇಕು ಅನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಐಕ್ಯೂ ಕಮ್ಮಿ ಬಂತು ಅಂದಮಾತ್ರಕ್ಕೆ ಬೌದ್ಧಿಕ ಅಸಾಮರ್ಥ್ಯ ಅಂತ ಹೇಳಲು ಬರುವುದಿಲ್ಲ. ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5 ಪ್ರಕಾರ ತೀವ್ರತೆಯ ಮಟ್ಟ ನಿರ್ಧಾರವಾಗುವುದು ಮಗು ದಿನದ ಬದುಕನ್ನು ಎಷ್ಟು ನಿಭಾಯಿಸುತ್ತದೆ ಅನ್ನುವುದರ ಮೇಲೆ: ಬಟ್ಟೆ ಹಾಕಿಕೊಳ್ಳುವುದು, ರಸ್ತೆ ದಾಟುವುದು, ಬೇಕಾದ್ದನ್ನು ಕೇಳುವುದು. ಅದನ್ನು ಅಳೆಯಲು ವೈನ್‌ಲ್ಯಾಂಡ್‌ನಂಥ ಮಾಪನಗಳಿವೆ. ಆದ್ದರಿಂದ ಊಟದ ಬಿಡುವಿನಲ್ಲಿ ಮಗು ತನ್ನ ಡಬ್ಬಿ ತಾನೇ ತೆರೆಯಿತಾ, ಶೂ ಕಟ್ಟಿಕೊಂಡಿತಾ ಅನ್ನುವ ನಿಮ್ಮ ಒಂದು ಸಾಲೂ ಉಪಯೋಗಕ್ಕೆ ಬರುತ್ತದೆ.

ಕೂಡಿದ್ದನ್ನು ಎರಡು ಸಲ ಕೂಡಿ, ಎರಡನೇ ಸಲ ಕೆಳಗಿನಿಂದ ಮೇಲಕ್ಕೆ.

ಹೆಜ್ಜೆ 6: ವರ್ತನೆ ಯೋಜನೆಯನ್ನು ನಡೆಸುವುದು

ಮಗು ಏನನ್ನೋ ಪಡೆಯಲು ಅಥವಾ ಏನನ್ನೋ ತಪ್ಪಿಸಿಕೊಳ್ಳಲು ವರ್ತಿಸುತ್ತದೆ. ಸಾಮಾನ್ಯವಾಗಿ ನಾಲ್ಕು ಕಾರಣ ಹೇಳುತ್ತಾರೆ: ಗಮನ ಬೇಕು, ವಸ್ತು ಬೇಕು, ಕೆಲಸದಿಂದ ತಪ್ಪಿಸಿಕೊಳ್ಳಬೇಕು, ಅಥವಾ ಆ ಕ್ರಿಯೆಯೇ ದೇಹಕ್ಕೆ ಹಿತ. ಹೊರಗಿನಿಂದ ಒಂದೇ ರೀತಿ ಕಾಣುವ ಕಿರುಚಾಟಕ್ಕೆ ನಾಲ್ಕು ಬೇರೆ ಕಾರಣ, ನಾಲ್ಕು ಬೇರೆ ಉಪಾಯ. ಓದುವ ಸರದಿ ತಪ್ಪಿಸಿಕೊಳ್ಳುತ್ತಿದ್ದ ಆ ಹುಡುಗನಿಗೆ ಮಾಡಿದ್ದು ತೀರಾ ಸರಳ. ಓದಬೇಕಾದ ಪ್ಯಾರಾ ಹಿಂದಿನ ದಿನವೇ ಕೊಟ್ಟರು, ಮತ್ತು "ಇವತ್ತು ಬೇಡ" ಅನ್ನುವ ಕಾರ್ಡ್ ಒಂದನ್ನು ವಾರಕ್ಕೆ ಎರಡು ಸಲ ಮೇಜಿನ ಮೇಲಿಡುವ ಹಕ್ಕು ಕೊಟ್ಟರು. ಮೊದಲ ವಾರ ಎರಡೂ ಬಳಸಿದ. ಆಮೇಲೆ ಕಾರ್ಡ್ ಜೇಬಿನಲ್ಲೇ ಇರುತ್ತಿತ್ತು.

ಗಮನಕ್ಕಾಗಿ ಮಾಡುವ ಗಲಾಟೆಗೆ ಗಮನ ಕೊಡುವುದನ್ನು ನಿಲ್ಲಿಸಿದರೆ ಮೊದಲು ಅದು ಜಾಸ್ತಿ ಆಗಬಹುದು. ಹೊಸಬರು, ಟೀಚರ್‌ಗಳು, ಪೋಷಕರು ಎಲ್ಲಾ ಕೈಬಿಡುವುದು ಇಲ್ಲೇ. ಎರಡನೇ ದಿನ ಹೀಗೆ ಆಗಬಹುದು ಅಂತ ಮುಂಚೆಯೇ ಹೇಳಿಟ್ಟಿದ್ದರೆ ತಡೆದುಕೊಳ್ಳುತ್ತಾರೆ. ನಡುವೆ ಸೋತು ಗಮನ ಕೊಟ್ಟರೆ, ಇನ್ನೂ ಜೋರಾಗಿ ಕಿರುಚಿದರೆ ಸಿಗುತ್ತದೆ ಅಂತ ಮಗು ಕಲಿಯುತ್ತದೆ.

ಸಹಾಯ ಮಾಡುವಾಗ ಆದಷ್ಟು ಕಮ್ಮಿ ಮಾಡಿ. ಮೊದಲು ಕಾಯಿರಿ, ಮನಸ್ಸಿನಲ್ಲೇ ಐದು ಎಣಿಸಿ. ಆಮೇಲೆ ಬೆರಳು ತೋರಿಸಿ, ಆಮೇಲೆ ಮಾತು, ಆಮೇಲೆ ಮಾಡಿ ತೋರಿಸುವುದು, ಕೈ ಹಿಡಿದು ಮಾಡಿಸುವುದು ಕೊಟ್ಟಕೊನೆಗೆ, ಅದೂ ಯೋಜನೆಯಲ್ಲಿ ಇದ್ದರೆ. ಕೊಟ್ಟ ಸಹಾಯವನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡದಿದ್ದರೆ ಮಗು ನಿಮ್ಮ ಬೆರಳಿಗೆ ಕಾಯುವುದನ್ನು ಕಲಿಯುತ್ತದೆ, ಕೆಲಸವನ್ನಲ್ಲ. ಟೋಕನ್ ಬೋರ್ಡ್, ದಿನದ ಚಿತ್ರಪಟ್ಟಿ, ಮೊದಲು ಇದು ಆಮೇಲೆ ಅದು ಅನ್ನುವ ಕಾರ್ಡ್, ಇವೆಲ್ಲ ಎರಡು ದಿನದಲ್ಲಿ ಕಲಿಯಬಹುದಾದವು. ಟೋಕನ್ ಮಾತ್ರ ಒಮ್ಮೆ ಕೊಟ್ಟದ್ದನ್ನು ಸಿಟ್ಟಿನಲ್ಲಿ ಕಿತ್ತುಕೊಳ್ಳಬೇಡಿ.

ಮಾತು ಬಾರದ ಮಕ್ಕಳು ಚಿತ್ರ ಕೊಟ್ಟು ಬೇಕಾದ್ದನ್ನು ಕೇಳುವ ಪೆಕ್ಸ್ ಪದ್ಧತಿ 1985ರಲ್ಲಿ ಶುರುವಾದದ್ದು, ಈಗ ಟ್ಯಾಬ್ಲೆಟ್‌ಗಳೂ ಬಂದಿವೆ. ಶಿಕ್ಷೆ ಅಂತ ಆ ಚಿತ್ರಪುಸ್ತಕವನ್ನೋ ಟ್ಯಾಬ್ಲೆಟ್ ಅನ್ನೋ ಎತ್ತಿಡುವವರನ್ನು ನೋಡಿದ್ದೇನೆ. ಅದು ಮಗುವಿನ ಬಾಯಿಗೆ ಪ್ಲಾಸ್ಟರ್ ಅಂಟಿಸಿದ ಹಾಗೆ. ಕಂಡರೆ ಸೈಕಾಲಜಿಸ್ಟ್‌ಗೆ ಅಂದೇ ತಿಳಿಸಿ.

ಮಗು ಕೈ ಮೀರಿದಾಗ: ಮಾತು ಕಮ್ಮಿ ಮಾಡಿ, ದನಿ ಇಳಿಸಿ, ಪಕ್ಕಕ್ಕೆ ನಿಲ್ಲಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ಸಹಾಯ ಕರೆಯಿರಿ. ತರಬೇತಿ ಇಲ್ಲದೆ ಮಗುವನ್ನು ಹಿಡಿದು ಅದುಮಬೇಡಿ. ಮಕ್ಕಳಿಗೆ ಪೆಟ್ಟಾಗಿದೆ, ಪ್ರಾಣವೂ ಹೋಗಿದೆ.

ಹೆಜ್ಜೆ 7: ದೊಡ್ಡವರ ಜೊತೆ

ಮಕ್ಕಳಿಗಿಂತ ಇದೇ ಕಷ್ಟ. ಕಾರಿಡಾರ್‌ನಲ್ಲಿ ತಾಯಿಯೊಬ್ಬರು ನಿಮ್ಮನ್ನು ತಡೆದು, "ನೀವು ಅವನ ಟೆಸ್ಟ್‌ನಲ್ಲಿ ಇದ್ರಲ್ಲ, ಹೇಗೆ ಮಾಡಿದ? ಆಟಿಸಂ ಇದೆಯಾ?" ಅಂತ ಕೇಳುತ್ತಾರೆ. ಕಣ್ಣಲ್ಲಿ ನೀರಿರುತ್ತದೆ. ಏನಾದರೂ ಸಮಾಧಾನ ಹೇಳಿಬಿಡೋಣ ಅನ್ನಿಸುತ್ತದೆ. ಹೇಳಬೇಡಿ. "ಏನೂ ಇಲ್ಲಮ್ಮ, ಸರಿ ಹೋಗ್ತಾನೆ" ಅನ್ನುವುದೂ ಒಂದು ತೀರ್ಪೇ. "ಅಮ್ಮ, ಅದನ್ನು ಹೇಳೋಕೆ ನಾನು ಸರಿಯಾದ ವ್ಯಕ್ತಿ ಅಲ್ಲ. ನೀವು ಕೇಳಿದ್ರಿ ಅಂತ ಇವತ್ತೇ ಮೇಡಂಗೆ ಹೇಳ್ತೀನಿ, ಅವರೇ ಫೋನ್ ಮಾಡ್ತಾರೆ" ಅನ್ನಿ. ಮತ್ತೆ ನಿಜವಾಗಿಯೂ ಅವತ್ತೇ ಹೇಳಿ. ಅವರು ಎರಡನೇ ಸಲ ನಿಮ್ಮನ್ನು ನಂಬುವುದು ಆ ಫೋನ್ ಬಂದರೆ ಮಾತ್ರ.

ಸ್ಟಾಫ್ ರೂಮ್‌ನಲ್ಲಿ ಬಾಯಿ ಬಿಗಿ ಇರಲಿ. ಹೆಸರು ಹೇಳದೆ "ಆ ನಾಲ್ಕನೇ ತರಗತಿಯ ಅವಳಿ ಮಕ್ಕಳಲ್ಲಿ ಒಬ್ಬ" ಅಂದರೂ ಹೆಸರು ಹೇಳಿದ ಹಾಗೆಯೇ. ಮಗುವಿನ ವಿಷಯ ಸ್ವಂತ ಫೋನಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರಲೇಬಾರದು.

ಗುಟ್ಟು ಇಡಬಾರದ ಸಂದರ್ಭ ಒಂದಿದೆ. ಮಗು ನಿಮ್ಮ ಹತ್ತಿರ "ಯಾರಿಗೂ ಹೇಳಬೇಡಿ" ಅಂತ ಶುರು ಮಾಡಿ, ಮನೆಯಲ್ಲೋ ಶಾಲೆಯಲ್ಲೋ ಯಾರೋ ಹಿಂಸೆ ಮಾಡುತ್ತಾರೆ, ಮುಟ್ಟಬಾರದ ಕಡೆ ಮುಟ್ಟುತ್ತಾರೆ, ಅಥವಾ ತನಗೆ ಬದುಕುವುದೇ ಬೇಡ ಅಂತ ಹೇಳಿದರೆ, ಹೇಳುವುದಿಲ್ಲ ಅಂತ ಮಾತು ಕೊಡಬೇಡಿ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ತನಿಖೆ ಮಾಡಬೇಡಿ. ಕೇಳಿಸಿಕೊಳ್ಳಿ, "ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಲ್ಲ" ಅನ್ನಿ, ಒಂಟಿ ಬಿಡದೆ ಅದೇ ಗಂಟೆಯಲ್ಲಿ ಸೈಕಾಲಜಿಸ್ಟ್‌ಗೆ ಮುಟ್ಟಿಸಿ. ಮಗು ಬಳಸಿದ ಪದಗಳನ್ನೇ ಬರೆದಿಡಿ, ನಿಮ್ಮ ಪದಗಳನ್ನಲ್ಲ.

ಹೆಜ್ಜೆ 8: ಯೋಜನೆಯ ಮೀಟಿಂಗ್

ಐಇಪಿ ಅಂತ ಕರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯ ಮೀಟಿಂಗ್‌ಗೆ ನಿಮ್ಮನ್ನು ಕರೆಯಬಹುದು, ಕರೆಯದೇ ಇರಬಹುದು. ಕರೆದರೆ ಒಂದು ಹಾಳೆ ಸಾಕು. ದಿನಾಂಕದ ಮೇಲೆ ಚುಕ್ಕಿ ಇಟ್ಟ ಒಂದು ಗ್ರಾಫ್, ಯೋಜನೆ ಶುರುವಾದ ದಿನಕ್ಕೆ ಒಂದು ಉದ್ದ ಗೆರೆ. ಗೆರೆಯ ಎಡಕ್ಕೆ ಮೊದಲಿನ ಸ್ಥಿತಿ, ಬಲಕ್ಕೆ ಆಮೇಲಿನದು. ನಿಮ್ಮನ್ನು ಕೇಳಿದರೆ "ಗುರುವಾರ ಎರಡು ಸಲ, ಎರಡೂ ಸಲ ಪಾಠ ಬದಲಾಗುವಾಗ" ಅನ್ನುವ ಥರ ಹೇಳಿ. ಮಗು ಚೆನ್ನಾಗಿ ಮಾಡಿದ ಒಂದು ಸಂಗತಿಯನ್ನೂ ಸಮಯದ ಸಮೇತ ಬರೆದುಕೊಂಡು ಹೋಗಿರಿ. ಆ ಕೋಣೆಯಲ್ಲಿ ಗಂಟೆಗಟ್ಟಲೆ ಮಗುವಿಗೆ ಏನು ಬರುವುದಿಲ್ಲ ಅನ್ನುವುದೇ ಚರ್ಚೆ, ತಂದೆ ತಾಯಿ ಕೇಳುತ್ತಾ ಕೂತಿರುತ್ತಾರೆ.

ದಿನದ ಕೊನೆಗೆ

ವಾರಕ್ಕೊಮ್ಮೆ ಸೈಕಾಲಜಿಸ್ಟ್ ಜೊತೆ ಕೂರುವ ಸಮಯ ಕೇಳಿ ಪಡೆಯಿರಿ, ಅದನ್ನು ರದ್ದು ಮಾಡಲು ಬಿಡಬೇಡಿ. ಅನುಮಾನಗಳನ್ನು ಆಗಾಗ ಬರೆದಿಟ್ಟು ಅಲ್ಲಿ ಕೇಳಿ. ಕಚ್ಚಿಸಿಕೊಂಡ ದಿನ, ಅತ್ತ ದಿನ, ಅದನ್ನೂ ಅಲ್ಲೇ ಹೇಳಿ.

ಹೊರಡುವ ಮೊದಲು ಟಿಪ್ಪಣಿಗೆ ದಿನಾಂಕ ಮತ್ತು ಸಹಿ ಹಾಕಿ, ಫೈಲ್ ಬೀರುವಿಗೆ ಬೀಗ ಹಾಕಿ, ಬೇಡದ ಹಾಳೆ ಕಸದ ಬುಟ್ಟಿಗೆ ಹಾಕದೆ ಚೂರು ಮಾಡಿ, ಕಿಟ್ ಮತ್ತೆ ಎಣಿಸಿ. ಒಂದು ಸಂಜೆ ಒಂದು ಬ್ಲಾಕ್ ಕಮ್ಮಿ ಇತ್ತು. ಮೇಜಿನ ಕೆಳಗೆ, ಕಪಾಟಿನ ಹಿಂದೆ ಎಲ್ಲಾ ಹುಡುಕಿದೆ, ಸಿಗಲಿಲ್ಲ. ಒಂದು ಬ್ಲಾಕ್ ಇಲ್ಲದೆ ಮರುದಿನದ ಟೆಸ್ಟ್ ಮುಂದೂಡಬೇಕಾಯಿತು. ಬೆಳಗ್ಗೆ ಎಂಟು ವರ್ಷದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, ಮುಷ್ಟಿ ಬಿಚ್ಚಿ ತೋರಿಸಿ, "ಇದು ನನ್ನ ಜೇಬಿಗೆ ಬಂದಿತ್ತು" ಅಂದಳು. ಟಿಪ್ಪಣಿಯಲ್ಲಿ "ಕದ್ದಳು" ಅಂತ ಬರೆಯಲಿಲ್ಲ. "8:50. ಬ್ಲಾಕ್ ತಾನಾಗಿಯೇ ತಂದುಕೊಟ್ಟಳು" ಅಂತ ಬರೆದೆ.